ಟೇಬಲ್ ಸಾದಲ್ಲಿ (ಮೇಜಿನ ಮೇಲೆ ಬ್ಲೇಡ್ ಎದ್ದಿರುವ ಗರಗಸದ ಮೆಷಿನ್) ಫೋಟೋ ಫ್ರೇಮಿನ 45 ಡಿಗ್ರಿ ಮೂಲೆಗಳು ಸಂದಿಲ್ಲದೆ ಕೂರಲು ಏನು ಮಾಡಬೇಕು?

ಒಂದು ಫ್ರೇಮಿಗೆ ಎಂಟು ಕಟ್. ಪ್ರತಿ ಕಟ್ಟಿನಲ್ಲೂ ಒಂದೇ ಕಡೆಗೆ ಕಾಲು ಡಿಗ್ರಿ ತಪ್ಪಿದರೂ ಕೊನೇ ಮೂಲೆಯಲ್ಲಿ 2 ಡಿಗ್ರಿ ಬಾಯಿ ಬಿಡುತ್ತದೆ. ಮೆಷಿನ್ ಜೊತೆ ಬರುವ ಮೈಟರ್ ಗೇಜ್ (ಕೋನ ಹಿಡಿಯುವ ಗೈಡ್) ಸುಮ್ನೆ ನಂಬಬೇಡಿ, ಒಂದು ಸ್ಲೆಡ್, ಅಂದರೆ ಮರದ ತುಂಡನ್ನು ಹೊತ್ತು ಬ್ಲೇಡಿನತ್ತ ಜಾರುವ ಹಲಗೆ, ಮಾಡಿಕೊಳ್ಳಿ.

12 ಮಿ.ಮೀ. ಪ್ಲೈವುಡ್ಡಿನ ಅಡಿಗೆ, ಟೇಬಲ್ಲಿನ ಎರಡು ಗ್ರೂವ್‌ಗಳಲ್ಲಿ ಅಲುಗಾಡದೆ ಜಾರುವಂತೆ ಗಟ್ಟಿಮರದ ಪಟ್ಟಿ ಅಂಟಿಸಿ. ಮುಂದಿನ ಅಂಚಿನಿಂದ ಅರ್ಧದವರೆಗೆ ಮಾತ್ರ ಬ್ಲೇಡಿನಲ್ಲಿ ಸೀಳಿ.

ಇನ್ನು ಮುಖ್ಯ ಕೆಲಸ. ಪ್ಲೈವುಡ್ ಶೀಟಿನ ಒಂದು ಮೂಲೆಯನ್ನು ತ್ರಿಕೋನವಾಗಿ ಕತ್ತರಿಸಿಕೊಳ್ಳಿ. ಆ ಮೂಲೆ ಪಕ್ಕಾ 90 ಡಿಗ್ರಿ ಇರಬೇಕು, ಟ್ರೈ ಸ್ಕ್ವೇರ್ (ಬಡಗಿಯ ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿದು ನೋಡಿ. ಅದರ ತುದಿ ಬ್ಲೇಡಿಗೆ ಎದುರಾಗಿ ಸೀಳಿನ ಮೇಲೇ ಬರುವಂತೆ, ಎರಡೂ ಬದಿ ಸೀಳಿಗೆ 45 ಡಿಗ್ರಿ ಇರುವಂತೆ ಸ್ಕ್ರೂ ಹಾಕಿ. ಸ್ಕ್ರೂ ಬ್ಲೇಡಿನ ದಾರಿಯಲ್ಲಿ ಬೇಡ!

ತ್ರಿಕೋನ ಕೂದಲೆಳೆ ತಿರುಗಿದ್ದರೂ ಚಿಂತೆಯಿಲ್ಲ. ಒಂದು ಬದಿ 44.8 ಆದರೆ ಇನ್ನೊಂದು 45.2, ಕೂಡಿದರೆ 90 ತಾನೇ? ಹಾಗಾಗಿ ಪ್ರತಿ ಮೂಲೆಯ ಒಂದು ತುಂಡನ್ನು ಎಡಬದಿಯಲ್ಲಿ, ಜೋಡಿಯನ್ನು ಬಲಬದಿಯಲ್ಲಿ ಕತ್ತರಿಸಿ. ಈ ಸ್ಲೆಡ್ಡಿನ ಮಜಾ ಇರುವುದೇ ಇಲ್ಲಿ.

ಕೋನ ಸರಿಯಿದ್ದೂ ಸಂದು ಬಂದರೆ ಉದ್ದ ನೋಡಿ. ಎದುರುಬದುರು ಪಟ್ಟಿಗಳು ಒಂದೇ ಅಳತೆ ಇರಬೇಕು. ಟೇಪ್ ಹಿಡಿಯುವುದಕ್ಕಿಂತ ತ್ರಿಕೋನದ ಬದಿಗೆ ಒಂದು ಮರದ ತುಂಡು ಕ್ಲ್ಯಾಂಪ್ ಮಾಡಿ, ಅದಕ್ಕೆ ತಾಗಿಸಿ ಕತ್ತರಿಸಿ. ಬ್ಲೇಡ್ ಪೂರ್ತಿ ನಿಂತ ಮೇಲೇ ತುಂಡು ತೆಗೆಯಿರಿ.