ಪ್ರೀಮಿಯಂ ಜಾಸ್ತಿ ಇರುವುದು ಸುಮ್ನೆ ಅಲ್ಲ

ಸಿಕ್ಕಾಪಟ್ಟೆ ಏರಿಳಿಯುವ ಟೆಕ್ ಷೇರಿನ ಮೇಲೆ, ಕಂಪನಿಯ ಫಲಿತಾಂಶ ಬರುವ ಮೊದಲೇ ಕವರ್ಡ್ ಕಾಲ್ ಮಾರಲಾ (ಅಂದರೆ ಕೈಯಲ್ಲಿರುವ ಷೇರನ್ನು ನಿಗದಿತ ಬೆಲೆಗೆ ಕೊಳ್ಳುವ ಹಕ್ಕನ್ನು ಬೇರೆಯವರಿಗೆ ಮಾರಲಾ) ಅಂತ ಕೇಳಿದ್ದೀರಿ. ಈಗ ಪ್ರೀಮಿಯಂ (ಆ ಹಕ್ಕು ಮಾರಿದ್ದಕ್ಕೆ ನಿಮಗೆ ಸಿಗುವ ಹಣ) ಚೆನ್ನಾಗಿದೆ, ನಿಜ. ಆದರೆ ಷೇರು ಜೋರಾಗಿ ಅಲ್ಲಾಡಬಹುದು ಅಂತ ಮಾರುಕಟ್ಟೆ ಲೆಕ್ಕ ಹಾಕಿರುವುದರಿಂದಲೇ ಅದು ಅಷ್ಟಿದೆ, ಅಲ್ವಾ?

ಷೇರಿನ ಬೆಲೆ 100, ಸ್ಟ್ರೈಕ್ (ಆ ನಿಗದಿತ ಬೆಲೆ) 110, ಪ್ರೀಮಿಯಂ 4 ಅಂದುಕೊಳ್ಳಿ. ಷೇರು 140 ಮುಟ್ಟಿದರೂ ಎಕ್ಸ್‌ಪೈರಿಯಲ್ಲಿ (ಕಾಲ್‌ನ ಅವಧಿ ಮುಗಿಯುವ ದಿನ) ನಿಮಗೆ ದಕ್ಕುವುದು ಒಟ್ಟು 114. ಅದೇ 70ಕ್ಕೆ ಬಿದ್ದರೆ 26 ನಷ್ಟ. ಎಲ್ಲರೂ ಕೈತಪ್ಪುವ ಲಾಭದ ಬಗ್ಗೆಯೇ ಮಾತಾಡುತ್ತಾರೆ, ನನಗೆ ಹೆಚ್ಚು ಭಯ ಈ ಕುಸಿತದ್ದು. ಬಿದ್ದ ಮೇಲೆ ಆಸೆಗೆ 80ರ ಕಾಲ್ ಮಾರಿದರೆ, ಷೇರು ಚೇತರಿಸಿಕೊಂಡಾಗ ಅದನ್ನು 80ಕ್ಕೇ ನಷ್ಟದಲ್ಲಿ ಕೈಬಿಡಬೇಕಾಗುತ್ತದೆ.

ನಾನಾದರೆ ಫಲಿತಾಂಶ ಮುಗಿಯುವ ತನಕ ಕಾಯುತ್ತೇನೆ. ಮಾರಲೇಬೇಕೆಂದರೆ ಅರ್ಧ ಷೇರುಗಳ ಮೇಲೆ ಮಾತ್ರ ಮಾರಿ. ಸ್ಟ್ರೈಕ್ ಕೂಡ, ಆ ಬೆಲೆಗೆ ಷೇರು ಹೋದರೂ ಬೇಜಾರಾಗದಂಥದ್ದನ್ನೇ ಆರಿಸಿ.