ಡಾಕ್ಟರ್ ಸಿಗುವ ತನಕ ನಾಯಿಗೆ ಏನು ಮಾಡಬಹುದು?

ಡೊಂಬಿವಲಿಯಲ್ಲಿ ಹೊಸದಾಗಿ ನಾಯಿ ಸಾಕಿದ್ದೀರಿ, ಹೊತ್ತಲ್ಲದ ಹೊತ್ತಲ್ಲಿ ಏನಾದರೂ ಆದರೆ ಡಾಕ್ಟರ್ ಸಿಗುವ ತನಕ ಏನು ಮಾಡಬೇಕು ಅಂತ ಕೇಳಿದ್ದೀರಿ. ನಾನು ಮುಲುಂಡ್‌ನವಳು. ಡಾಕ್ಟರ್ ಅಲ್ಲ, 11 ವರ್ಷದಿಂದ ಮನೇಲಿ ನಾಯಿ ಇದೆ ಅಷ್ಟೇ.

ನನಗೆ ಎಲ್ಲಕ್ಕಿಂತ ಭಯ ಬಿಸಿಲಿನದು. ನಾಯಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುತ್ತದೆ. ನಮ್ಮ ಮುಂಬೈ ಕಡೆ ಗಾಳಿಯಲ್ಲೇ ಅಷ್ಟು ತೇವ ಇರುವಾಗ ಅದು ಸಾಲುವುದಿಲ್ಲ. ಒಂದು ಮೇ ತಿಂಗಳು ಬೆಳಿಗ್ಗೆ 11ಕ್ಕೆ ನಮ್ಮ ರಾಜನನ್ನು ಕೆಳಗೆ ಕರೆದುಕೊಂಡು ಹೋಗಿದ್ದೆವು. ವಾಪಸ್ ಬರುವಾಗ ಲಿಫ್ಟ್‌ನಲ್ಲೇ ಕುಸಿದ. ನಾಲಿಗೆ ಕಡುಗೆಂಪು, ಬಾಯಲ್ಲಿ ಅಂಟು ಜೊಲ್ಲು. ನಾವು ಒದ್ದೆ ಟವೆಲ್ ಹೊದಿಸಿದೆವು. ಫೋನಿನಲ್ಲಿ ಡಾಕ್ಟರ್, "ಮೊದಲು ಅದನ್ನು ತೆಗೆಯಿರಿ, ಟವೆಲ್ ಬಿಸಿಯನ್ನು ಒಳಗೇ ಹಿಡಿದಿಡುತ್ತೆ" ಅಂದರು. ಹೊಟ್ಟೆ, ತೊಡೆಸಂದು, ಪಾದಕ್ಕೆ ನಲ್ಲಿ ನೀರು ಸುರಿಯುತ್ತಾ ಫ್ಯಾನ್ ಜೋರಾಗಿ ಹಾಕಿದೆವು. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ 105 ಡಿಗ್ರಿ ಫ್ಯಾರನ್‌ಹೀಟ್! ಚೆನ್ನಾಗಿರುವ ನಾಯಿಗೆ 101ರಿಂದ 102.5 ಇರುತ್ತದೆ. 103ಕ್ಕೆ ಇಳಿದ ಕೂಡಲೇ ನೀರು ನಿಲ್ಲಿಸಬೇಕು, ಇಲ್ಲದಿದ್ದರೆ ಮೈ ತೀರಾ ತಣ್ಣಗಾಗಿಬಿಡುತ್ತದೆ. ಎದ್ದು ಬಾಲ ಅಲ್ಲಾಡಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಕಿಡ್ನಿಗೆ ಆದ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣಿಸಬಹುದು.

ನಿಮ್ಮ ಮಾತ್ರೆ ಡಬ್ಬಿಯಿಂದ ಏನನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಯ ಪ್ರಾಣಕ್ಕೇ ಕುತ್ತು. ಚಾಕೊಲೇಟ್, ದ್ರಾಕ್ಷಿ, ಇಲಿ ಪಾಷಾಣ ತಿಂದಿದ್ದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆ ಉಪ್ಪೇ ವಿಷವಾಗಬಹುದು. ತಿಂದಿದ್ದರ ಪ್ಯಾಕೆಟ್ ಹಿಡಿದು ಓಡಿ.

ಮಳೆಗಾಲದಲ್ಲಿ ನೀರು ನಿಂತಾಗ ಗಾಜು ಚುಚ್ಚುವುದು ಜಾಸ್ತಿ. ರಕ್ತ ಬಂದರೆ ಶುಚಿಯಾದ ಬಟ್ಟೆ ಇಟ್ಟು 5 ನಿಮಿಷ ಗಟ್ಟಿಯಾಗಿ ಒತ್ತಿ. ನಿಂತಿತಾ ಅಂತ ಮಧ್ಯೆ ಎತ್ತಿ ನೋಡಬೇಡಿ. ಬಟ್ಟೆ ತೊಯ್ದರೆ ಅದರ ಮೇಲೇ ಇನ್ನೊಂದು ಇಡಿ. ಅರಿಶಿನ ತುಂಬುವುದು ಬೇಡ.

ನೋವಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ, ಪಾಪ, ಅದಕ್ಕೂ ಗೊತ್ತಾಗುವುದಿಲ್ಲ ಅಲ್ವಾ? ದುಪಟ್ಟಾದಿಂದ ಮೂತಿ ಕಟ್ಟಿ. ವಾಂತಿ ಮಾಡುತ್ತಿದ್ದರೆ ಅಥವಾ ಉಸಿರಿಗೆ ಒದ್ದಾಡುತ್ತಿದ್ದರೆ ಮಾತ್ರ ಕಟ್ಟಬಾರದು. ನಿಮಗೆ ಹಲ್ಲು ತಾಗಿದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಡಾಕ್ಟರಿಗೆ ತೋರಿಸಿ.

ಪರೇಲ್‌ನಲ್ಲಿ 1880ರ ದಶಕದಿಂದಲೂ ಇರುವ ಬಾಯಿ ಸಕರ್‌ಬಾಯಿ ಪ್ರಾಣಿಗಳ ಆಸ್ಪತ್ರೆ ಇದೆ. ಬೈಲ್ ಘೋಡಾ ಹಾಸ್ಪಿಟಲ್ ಅಂದರೆ ಇಲ್ಲಿನ ಹಳಬರಿಗೆಲ್ಲ ಗೊತ್ತು. ಆದರೆ ಡೊಂಬಿವಲಿಯಿಂದ ಅದು ದೂರ. ನಿಮ್ಮ ಹತ್ತಿರ ರಾತ್ರಿ ತೆರೆದಿರುವ ಕ್ಲಿನಿಕ್ ಯಾವುದು ಅಂತ ಇವತ್ತೇ ಕೇಳಿಟ್ಟುಕೊಳ್ಳಿ. ಜೊತೆಗೆ ನಾಯಿಯನ್ನು ಹತ್ತಿಸಿಕೊಳ್ಳುವ ಒಬ್ಬ ರಿಕ್ಷಾದವರ ನಂಬರೂ ಇರಲಿ. ಇನ್ನೊಮ್ಮೆ ರಾತ್ರಿ 2 ಗಂಟೆಗೆ ರಾಜನನ್ನು ಎತ್ತಿಕೊಂಡು ರಸ್ತೆಯಲ್ಲಿ ನಿಂತಾಗ ನಮಗೆ ಸಿಗದೇ ಹೋಗಿದ್ದು ಅದೇ.