ರಾತ್ರಿಯಿಡೀ ಬಿಸಿಯಾಗುತ್ತಿದ್ದ ಫೋನು

ಈ ಪ್ರಕರಣ ಬರೆಯಲು ಆ ಮನೆಯ ಮೂವರೂ ಒಪ್ಪಿದ್ದಾರೆ. ಹೆಸರು ಬದಲಿಸಿದ್ದೇನೆ. ಊರು ಯಾವುದು ಅಂದರೆ, ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯ ಒಂದು ಹಳ್ಳಿ ಎಂದಷ್ಟೇ ಹೇಳುತ್ತೇನೆ. ಹುಡುಗನನ್ನು ಕಿರಣ ಎಂದು ಕರೆಯೋಣ. ವಯಸ್ಸು 26. ಹಾಸನದ ಒಂದು ಅಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ.

ಬಂದಿದ್ದು ಒಂದು ಸೋಮವಾರ, ಅಮ್ಮನ ಜೊತೆ. ಮೂರು ವಾರದಿಂದ ನಿದ್ದೆ ಇಲ್ಲ, ಹೊಟ್ಟೆನೋವು. ಡಾಕ್ಟರು ಪರೀಕ್ಷೆ ಮಾಡಿಸಿ, ಏನೂ ಸಿಗದೆ ಆಪ್ತಸಲಹೆಗೆಂದು ನನ್ನ ಹತ್ತಿರ ಕಳಿಸಿದ್ದರು. ಅಮ್ಮ ಬಾಗಿಲಲ್ಲೇ ಶುರು ಮಾಡಿದರು. "ಊಟಾನೇ ಮಾಡ್ತಿಲ್ಲ ಮೇಡಂ. ಫೋನ್ ಒಂದನ್ನ ಬಿಡಲ್ಲ. ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿರ್ತಾನೆ, ಮುಟ್ಟಿದ್ರೆ ಕಾವಲಿ ಥರ ಸುಡುತ್ತೆ. ಬೆಳಿಗ್ಗೆ ನಾನೇ ಎತ್ತಿ ಕಡಪ ಕಲ್ಲಿನ ಮೇಲೆ ಇಡ್ತೀನಿ, ತಣ್ಣಗಾಗ್ಲಿ ಅಂತ."

ಅಮ್ಮನನ್ನು ಹೊರಗೆ ಕೂರಿಸಿ ಕಿರಣನ ಜೊತೆ ಒಬ್ಬನೇ ಇರುವಾಗ ಮಾತಾಡಿದೆ. ನಾನು 'ನೀವು' ಅಂದರೆ ಅವನಿಗೆ ಮುಜುಗರ. "ನೀನು ಅನ್ನಿ ಮೇಡಂ" ಎಂದ. ಆಮೇಲೆ ಹತ್ತು ನಿಮಿಷ ಮಾತೇ ಇಲ್ಲ. ಕೊನೆಗೆ ಬ್ಯಾಗಿನಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಇಟ್ಟ.

ನಾಲ್ಕು ಕಾಲಂ. ತಾರೀಕು, ಕಾಯಿನ್, ಡಾಲರ್, ರೂಪಾಯಿ. ದಿನಕ್ಕೊಂದು ಸಾಲು, ಮುದ್ದಾದ ಅಕ್ಷರ, ದಶಮಾಂಶದ ಆಚೆ ಆರು ಅಂಕಿ. ಕೈಗೆ ದುಡ್ಡು ಬಂದ ದಿನಕ್ಕೆ ಕೆಂಪು ಇಂಕು. ಇಡೀ ಪುಸ್ತಕದಲ್ಲಿ ಕೆಂಪು ಸಾಲು ಎರಡೇ. ಕೊನೆಯ ಮೂರು ವಾರ ಅಂಕಿ ಇಲ್ಲ, ಬರೀ ಗೀಟು. ಆದರೆ ತಾರೀಕು ಮಾತ್ರ ಒಂದು ದಿನವೂ ತಪ್ಪಿಲ್ಲ.

ಅವನನ್ನು ಯಾರೋ ಒಂದು ಮೆಸೇಜ್ ಗ್ರೂಪಿಗೆ ಸೇರಿಸಿದ್ದರು. ಅಲ್ಲಿ ಒಂದು ಮೈನಿಂಗ್ ಆ್ಯಪ್. ಫೋನಿನಲ್ಲಿ ಹಾಕಿಕೊಂಡರೆ ಬಿಟ್‌ಕಾಯಿನ್ (ಕಂಪ್ಯೂಟರಿನಲ್ಲಷ್ಟೇ ಇರುವ ಹಣ, ಇಂಥದ್ದನ್ನು ಕ್ರಿಪ್ಟೋ ಅನ್ನುತ್ತಾರೆ) ಮೈನ್ ಆಗುತ್ತದೆ, ಅಂದರೆ ಹೊಸದಾಗಿ ಹುಟ್ಟಿ ನಮಗೆ ಸೇರುತ್ತದೆ, ದುಡ್ಡು ಹಾಕಿದಷ್ಟೂ ಸ್ಪೀಡ್ ಜಾಸ್ತಿ ಎಂಬ ಮಾತು. ಕಿರಣ 5,000 ರೂಪಾಯಿ ಹಾಕಿದ. ವಾರದಲ್ಲಿ 1,800 ವಾಪಸ್ ಅವನ ಖಾತೆಗೇ ಬಂತು. ಅದು ಮೊದಲ ಕೆಂಪು ಸಾಲು. ಆಮೇಲೆ 40,000 ಹಾಕಿದ. ಆಮೇಲೆ ಅಪ್ಪನ ಶುಂಠಿ ದುಡ್ಡು, 3,20,000. ಖಾತೆ ಅಪ್ಪನದು, ಆದರೆ ಫೋನಿನಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದವನು ಇವನೇ.

ಅಷ್ಟಕ್ಕೇ ನಿಲ್ಲಲಿಲ್ಲ. ಅಮ್ಮನ ಸಂಘದ ಆರು ಹೆಂಗಸರು ಇವನನ್ನು ನೋಡಿ ಕೇಳಿದರು. ಇವನೇ ಅವರ ಫೋನಿಗೂ ಆ್ಯಪ್ ಹಾಕಿಕೊಟ್ಟ. ಆರು ಜನರದ್ದು ಸೇರಿ 1,74,000. ಅದಕ್ಕೆ ಇವನಿಗೆ ಕಮಿಷನ್ ಬಂತು, 8,700. ಅದು ಎರಡನೇ ಕೆಂಪು ಸಾಲು.

ಎರಡು ಲಕ್ಷ ವಾಪಸ್ ತೆಗೆಯಲು ಹೋದಾಗ ತಡೆ ಬಿತ್ತು. "ಭಾರತದಲ್ಲಿ ಕ್ರಿಪ್ಟೋಗೆ 30% ತೆರಿಗೆ. ಮೊದಲು 60,000 ಕಟ್ಟಿ, ಆಮೇಲೆ ಬಿಡುಗಡೆ." ಮೂರು ವಾರ ಒದ್ದಾಡಿದ. ಶನಿವಾರ ಅಮ್ಮನ ಸರದ ಕೊಂಡಿ ಸಡಿಲವಾಗಿದೆ, ಸರಿ ಮಾಡಿಸಿ ತರುತ್ತೇನೆ ಎಂದು ಹೇಳಿ ತೆಗೆದುಕೊಂಡು ಹೋದ. ಗಿರವಿ ಇಟ್ಟು 60,000 ಕಟ್ಟಿದ. ದುಡ್ಡು ಬರಲಿಲ್ಲ. ಭಾನುವಾರ ಅದೇ ಗ್ರೂಪಿನ ಒಬ್ಬ ಮೆಸೇಜ್ ಮಾಡಿದ. ತಾನು ಹ್ಯಾಕರ್, ಮೋಸ ಹೋದವರ ದುಡ್ಡು ವಾಪಸ್ ತೆಗೆಸಿಕೊಡುತ್ತೇನೆ ಎಂದ. ಅವನು ಕಳಿಸಿದ ಎಪಿಕೆ ಫೈಲನ್ನು (ಪ್ಲೇ ಸ್ಟೋರಿನ ಹೊರಗಿಂದ ಆ್ಯಪ್ ಹಾಕುವ ಫೈಲು) ಕಿರಣ ಫೋನಿಗೆ ಹಾಕಿಕೊಂಡ. ಬಿಟ್‌ಕಾಯಿನ್ ಇಡುವ ವಾಲೆಟ್ಟಿಗೆ ಕೀಲಿಯಂತಿರುವ 12 ಪದಗಳನ್ನು ಕೇಳಿದಾಗ ಅದನ್ನೂ ಕೊಟ್ಟ. ಕಿರಣನ ಹತ್ತಿರ ಈ ಆ್ಯಪಿಗೆ ಸಂಬಂಧವೇ ಇಲ್ಲದ, ಹಿಂದೆ ತಾನೇ ಕೊಂಡಿದ್ದ 14,000 ರೂಪಾಯಿಯ ನಿಜವಾದ ಬಿಟ್‌ಕಾಯಿನ್ ಇತ್ತು. ಸೋಮವಾರ ಬೆಳಿಗ್ಗೆ ಅದೂ ಸೊನ್ನೆ.

"ನಾನು ದಿನಾ ಬೇರೆಯವರ ಫೋನಿಗೆ ಲಾಕ್ ಹಾಕಿಕೊಡೋನು ಮೇಡಂ. ಆ 12 ಪದ ಯಾರಿಗೂ ಹೇಳಬೇಡಿ ಅಂತ ನಾನೇ ಹೇಳ್ತಿದ್ದೆ." ಇಷ್ಟು ಹೇಳಿ ಅತ್ತ.

ಇಂಥ ಕಡೆ ನಾನು ಸುತ್ತಿ ಬಳಸಿ ಕೇಳುವುದಿಲ್ಲ. "ಸತ್ತುಹೋಗೋಣ ಅಂತ ಅನ್ನಿಸಿದ್ಯಾ?" ಎಂದೆ. ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಒಳಗೇ ಕುದಿಯುವವರಿಗೆ ಯಾರೋ ಕೇಳಿದರಲ್ಲ ಎಂದು ಹಗುರವೇ ಆಗುತ್ತದೆ. "ಎರಡು ಸಲ ಅನ್ನಿಸ್ತು" ಎಂದ. "ಈಗ?" "ಇಲ್ಲಿ ಕೂತಿರೋವಾಗ ಇಲ್ಲ. ಮನೇಲಿ ಹೇಗೋ ಗೊತ್ತಿಲ್ಲ." ಹಾಗಾದರೆ ಈ ಒಂದು ವಿಷಯ ಅಮ್ಮನಿಗೆ ಇವತ್ತೇ ಗೊತ್ತಾಗಬೇಕು, ಮುಚ್ಚಿಡಲು ನಾನು ಒಪ್ಪುವುದಿಲ್ಲ ಎಂದೆ. ತಲೆಯಾಡಿಸಿದ. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವನ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆಸಿದೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಾತ್ರಿ ಅವನು ಒಬ್ಬನೇ ಮಲಗಬಾರದು, ಹಾಲ್‌ನಲ್ಲಿ ಅಪ್ಪ ಅಮ್ಮನ ಹತ್ತಿರವೇ ಮಲಗಬೇಕು ಎಂದು ಮಾತಾಯಿತು.

ಆಮೇಲೆ ಅಲ್ಲಿಂದಲೇ ಸೈಬರ್ ವಂಚನೆಯ ದೂರು ತೆಗೆದುಕೊಳ್ಳುವ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಆಪ್ತಸಲಹೆಯ ಕೋಣೆಯಲ್ಲಿ ಇದೆಲ್ಲ ಯಾಕೆ ಎಂದು ಕೆಲವರು ಕೇಳುತ್ತಾರೆ. ನನ್ನ ಅನುಭವದಲ್ಲಿ ಇದೇ ಮೊದಲ ಔಷಧಿ. ಕಟ್ಟಿದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ಎಲ್ಲೋ ಒಂದು ಕಡೆ ನಿಂತಿರುವಾಗಲೇ ದೂರು ಹೋದರೆ ಬ್ಯಾಂಕು ಅದನ್ನು ಅಲ್ಲೇ ತಡೆಹಿಡಿಯಬಹುದು. ಒಂದೊಂದು ಗಂಟೆಯೂ ಮುಖ್ಯ. ಅವರು ಕೇಳಿದ್ದು ತಾರೀಕು, ಮೊತ್ತ, ಯಾವ ಬ್ಯಾಂಕಿನಿಂದ ಹೋಯಿತು, ಟ್ರಾನ್ಸಾಕ್ಷನ್ ನಂಬರ್. ಕಿರಣ ನೋಟ್‌ಬುಕ್ ಬಿಚ್ಚಿಟ್ಟು ಒಂದೊಂದೇ ಓದಿದ. ಅವನ ದನಿ ಗಟ್ಟಿಯಾಗಿದ್ದು ಆಗಲೇ. ದೂರಿನ ನಂಬರ್ ಬಂತು. ಅದನ್ನು ಹಿಡಿದು ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಲು ಹೇಳಿದೆ. ಶನಿವಾರದ 60,000ದಲ್ಲಿ 22,000 ಒಂದು ಖಾತೆಯಲ್ಲಿ ಸಿಕ್ಕಿ, ತಡೆಹಿಡಿದಿದ್ದಾರೆ ಎಂದು ವಾರದ ನಂತರ ತಿಳಿಯಿತು. ಅದು ಕೈಗೆ ಬರಲು ಇನ್ನೂ ಓಡಾಟ ಇದೆ. ಉಳಿದದ್ದು ಬರುತ್ತದೆ ಎಂದು ನಾನು ಅವನಿಗೆ ಒಮ್ಮೆಯೂ ಹೇಳಲಿಲ್ಲ. ಸುಳ್ಳು ಆಸೆ ಕೊಟ್ಟವರು ಅವನಿಗೆ ಆಗಲೇ ಇಬ್ಬರು ಸಿಕ್ಕಿದ್ದರು.

ಫೋನಿನ ವಿಷಯ ಅವನಿಗೇ ಚೆನ್ನಾಗಿ ಗೊತ್ತಿತ್ತು. ನಾನು ಕೇಳಿದೆ, ಅವನು ಹೇಳಿದ. ನೆಟ್ ಆಫ್ ಮಾಡಬೇಕು. ಅಮ್ಮನ ಫೋನಿನಿಂದ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಬೇಕು, ಇಮೇಲ್ ಪಾಸ್‌ವರ್ಡ್ ಬದಲಿಸಬೇಕು. ಗ್ರೂಪಿನ ಮಾತುಕತೆಯ ಫೋಟೋ ಬೇರೆ ಫೋನಿನಲ್ಲಿ ತೆಗೆದಿಟ್ಟುಕೊಂಡು, ಪೊಲೀಸರನ್ನು ಕೇಳಿದ ಮೇಲೆ ಫೋನನ್ನು ಪೂರ್ತಿ ರೀಸೆಟ್ ಮಾಡಬೇಕು. ಆ 12 ಪದಗಳು ಮಾತ್ರ ಪಾಸ್‌ವರ್ಡಿನ ಹಾಗಲ್ಲ, ಬದಲಿಸಲು ಬರುವುದಿಲ್ಲ. ಒಮ್ಮೆ ಇನ್ನೊಬ್ಬರ ಕೈಗೆ ಹೋದರೆ ಆ ವಾಲೆಟ್ಟೇ ಕೈಬಿಟ್ಟ ಹಾಗೆ.

ಅಮ್ಮನನ್ನು ಒಳಗೆ ಕರೆದಾಗ ಎಲ್ಲ ಅವನೇ ಹೇಳಿದ. ಸರದ ಮಾತು ಬಂದಾಗ ಅವರ ಕೈ ಕೊರಳಿಗೆ ಹೋಯಿತು. ಅಲ್ಲಿ ಕರಿಮಣಿಯ ದಾರ ಒಂದೇ ಇತ್ತು. "ಕೊಂಡಿ ಸರಿಯಾಗೇ ಇತ್ತಲ್ಲಪ್ಪಾ" ಎಂದರು, ಅಷ್ಟೇ.

ಎರಡನೇ ಸಲ ಬಂದಾಗ ನನಗೆ ಒಂದು ವಿಷಯ ಹೊಳೆಯಿತು. ದೂರು ಕೊಟ್ಟಿದ್ದರೂ ಅವನ ಮನಸ್ಸಿನ ಒಂದು ಮೂಲೆ ಇನ್ನೂ ಆ ಆ್ಯಪನ್ನು ನಂಬಿತ್ತು. "ಅಕಸ್ಮಾತ್ ಸರ್ವರ್ ಪ್ರಾಬ್ಲಂ ಇದ್ರೆ?" ಎಂದ. ಇದು ಮೋಸ ಕಣೋ ಎಂದು ನಾನು ಹೇಳಿದರೆ ಅವನು ತಲೆಯಾಡಿಸುತ್ತಾನೆ, ಮನೆಗೆ ಹೋಗಿ ಮತ್ತೆ ಅದೇ ಆ್ಯಪ್ ತೆರೆಯುತ್ತಾನೆ. ಅದಕ್ಕೇ, "ಮೈನಿಂಗ್ ಅಂದ್ರೆ ಏನು, ನನಗೆ ಹೇಳಿಕೊಡು" ಎಂದೆ.

ಚೆನ್ನಾಗಿಯೇ ಹೇಳಿಕೊಟ್ಟ. ಯಾರು ಯಾರಿಗೆ ಎಷ್ಟು ಕಳಿಸಿದರು ಎಂಬ ಲೆಕ್ಕದ ಕಂತೆಯನ್ನು ಬ್ಲಾಕ್ ಅನ್ನುತ್ತಾರೆ. ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್ ಸೇರುತ್ತದೆ. ಅದನ್ನು ಸೇರಿಸುವ ಹಕ್ಕಿಗಾಗಿ ಜಗತ್ತಿನ ಯಂತ್ರಗಳೆಲ್ಲ ಪೈಪೋಟಿಯಲ್ಲಿ ಲೆಕ್ಕ ಹಾಕುತ್ತವೆ. ಗೆದ್ದವರಿಗೆ ಹೊಸ ಕಾಯಿನ್. 2009ರಲ್ಲಿ ಶುರುವಾದಾಗ 50 ಸಿಗುತ್ತಿತ್ತು, ಮನೆಯ ಕಂಪ್ಯೂಟರಿನಲ್ಲೇ ಆಗುತ್ತಿತ್ತು. 2024ರ ಏಪ್ರಿಲ್‌ನಿಂದ 3.125. ಈಗ ಇದಕ್ಕೆಂದೇ ಮಾಡಿದ ಯಂತ್ರಗಳಿವೆ. ಒಂದೊಂದೂ ಸೆಕೆಂಡಿಗೆ ನೂರು ಲಕ್ಷ ಕೋಟಿ ಸಲ ಲೆಕ್ಕ ಹಾಕುತ್ತದೆ. ಒಂದು ಗೀಸರಿನಷ್ಟು ಕರೆಂಟನ್ನು ಹಗಲೂ ರಾತ್ರಿ ತಿನ್ನುತ್ತದೆ. ಅಂಥ ಯಂತ್ರಗಳನ್ನು ಸಾವಿರಗಟ್ಟಲೆ ಶೆಡ್ಡುಗಳಲ್ಲಿ ಜೋಡಿಸಿರುತ್ತಾರೆ.

"ಹಾಗಾದ್ರೆ ನಿನ್ನ ಫೋನು ರಾತ್ರಿಯಿಡೀ ಏನು ಮಾಡ್ತಿತ್ತು?" ಎಂದೆ.

ತುಂಬ ಹೊತ್ತು ನೋಟ್‌ಬುಕ್ಕನ್ನೇ ನೋಡುತ್ತಾ ಕೂತ. "ಚಕ್ರದ ಚಿತ್ರ ತಿರುಗಿಸ್ತಿತ್ತು ಮೇಡಂ. ಅಂಕಿ ಅವರು ಬರೆದಿದ್ದು" ಎಂದ. ಆಮೇಲೆ ಕೆಂಪು ಸಾಲಿನ ಮೇಲೆ ಬೆರಳಿಟ್ಟ. "ಇದು ಮಾತ್ರ ನಿಜವಾಗ್ಲೂ ಬಂತು." ಬಂದಿದ್ದು ಹೌದು, ಆದರೆ ಮೈನಿಂಗ್‌ನಿಂದಲ್ಲ. ಇನ್ಯಾವುದೋ ಊರಲ್ಲಿ ನಿನ್ನಂಥವನೇ ಒಬ್ಬ ಹಾಕಿದ ದುಡ್ಡು ಅದು ಎಂದೆ. ಈ ಮಾತು ಅವನಿಗೆ ಎಲ್ಲಕ್ಕಿಂತ ಜಾಸ್ತಿ ತಾಗಿತು. ಅಂಥ ದುಡ್ಡು ಬಂದ ಖಾತೆಯನ್ನು ಬ್ಯಾಂಕು ತಡೆಹಿಡಿಯುವುದೂ ಉಂಟು ಎಂದು ಆಗಲೇ ಹೇಳಿಟ್ಟೆ. ಬೇರೆಯವರನ್ನು ಸೇರಿಸಿ ಕಮಿಷನ್ ಪಡೆದಿದ್ದರಿಂದ ವಕೀಲರ ಸಲಹೆಯೂ ಬೇಕಿತ್ತು. ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ.

ಅವತ್ತು ಅಪ್ಪನೂ ಬಂದಿದ್ದರು. ಒಳಗೆ ಬರಲಿಲ್ಲ, ಹೊರಗಿನ ಬೆಂಚಿನಲ್ಲಿ ಟವೆಲ್ ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನೇ ಹೋಗಿ ಪಕ್ಕದಲ್ಲಿ ಕೂತೆ. ಮೊದಲು ಕೇಳಿದ್ದು, ಈ ವ್ಯವಹಾರವೇ ಕಾನೂನಿಗೆ ವಿರುದ್ಧವೇ ಅಂತ. ಇಲ್ಲ ಎಂದೆ. ಕ್ರಿಪ್ಟೋ ಕೊಳ್ಳುವುದು ಅಪರಾಧವಲ್ಲ. 2018ರಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಬ್ಯಾಂಕ್ ಸೇವೆ ಕೊಡಬೇಡಿ ಎಂದಿತ್ತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2022ರ ಏಪ್ರಿಲ್‌ನಿಂದ ಲಾಭದ ಮೇಲೆ 30% ತೆರಿಗೆ ಇರುವುದೂ ನಿಜ. ಆ ಒಂದು ನಿಜವನ್ನೇ ಮೋಸಗಾರರು ಕೊಕ್ಕೆ ಮಾಡಿಕೊಂಡಿದ್ದರು. ತೆರಿಗೆಯನ್ನು ನಾವು ಸರ್ಕಾರಕ್ಕೆ ಕಟ್ಟುತ್ತೇವೆ. ನಮ್ಮ ದುಡ್ಡು ಬಿಡಲು ಮೊದಲು ನಮಗೇ ಕಟ್ಟಿ ಎಂದು ಒಂದು ಆ್ಯಪ್ ಕೇಳಿದರೆ ಅದು ತೆರಿಗೆ ಅಲ್ಲ.

ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು, "ಆಲೂಗೆಡ್ಡೆಗೆ ಅಂಗಮಾರಿ ಬಿದ್ದ ವರ್ಷಾನೂ ಇಷ್ಟೇ ಹೋಗಿತ್ತು ಮೇಡಂ. ಮೂರು ಜನಾನೂ ಹೊಲದ ಬದೀಲಿ ಕೂತು ಅತ್ವಿ. ಈ ಸಲ ಅವ್ನು ಒಬ್ನೇ ಅತ್ತ. ನನಗೆ ಹೇಳಲಿಲ್ಲ."

ಈ ಮಾತನ್ನು ಒಳಗೆ ಬಂದು ಮಗನಿಗೇ ಹೇಳಿ ಎಂದು ಕೇಳಿಕೊಂಡೆ. ಬಂದರು, ಹೇಳಿದರು. ಆ ಅರ್ಧ ಗಂಟೆ ನಾನು ಹೆಚ್ಚು ಮಾತಾಡಲಿಲ್ಲ.

ಉಳಿದದ್ದು ಸಂಘದ ಆರು ಮನೆ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಇದ್ದೆ. "ನೀನೂ ಮೋಸ ಹೋದವನೇ, ಬಿಡು" ಎಂದು ಬೆನ್ನು ತಟ್ಟಿದರೆ ಅವನಿಗೆ ಸಮಾಧಾನ ಆಗುತ್ತಿರಲಿಲ್ಲ. ಎಲ್ಲ ನಿನ್ನಿಂದಲೇ ಎಂದರೆ ಅವನು ಉಳಿಯುತ್ತಿರಲಿಲ್ಲ. ಇಬ್ಬರೂ ಕೂತು ಬೇರೆ ಬೇರೆ ಮಾಡಿದೆವು. ದುಡ್ಡು ಕದ್ದಿದ್ದು ಅವನಲ್ಲ. ಆ್ಯಪ್ ಹಾಕಿಕೊಟ್ಟಿದ್ದು, ಕಮಿಷನ್ ತಗೊಂಡಿದ್ದು, ನಿಂತುಹೋದ ಮೇಲೂ ಮೂರು ವಾರ ಅವರಿಗೆ ಹೇಳದೆ ಇದ್ದಿದ್ದು ಅವನು. ಹಾಗಾಗಿ 8,700ನ್ನು ಅವರವರು ಹಾಕಿದ್ದರ ಪ್ರಕಾರ ಹಂಚಿ ಮೊದಲು ಕೊಡಬೇಕು. ಆರೂ ಜನರನ್ನು ತಾನೇ ಕೂರಿಸಿಕೊಂಡು ದೂರು ಕೊಡಿಸಬೇಕು. ಪೂರ್ತಿ ದುಡ್ಡು ನಾನೇ ತೀರಿಸುತ್ತೇನೆ ಎಂದು ಅಳುತ್ತಾ ಮಾತು ಕೊಡಬಾರದು. ಅಮ್ಮ ಅವನ ಪರವಾಗಿ ಮಾತಾಡಬಾರದು. ಏನು ಹೇಳಬೇಕೆಂದು ನನ್ನ ಕೋಣೆಯಲ್ಲೇ ಮೂರು ಸಲ ಹೇಳಿಸಿದೆ. ಮೂರನೇ ಸಲ "ಕ್ಷಮಿಸಿ" ಅನ್ನುವಾಗ ತಲೆ ಎತ್ತಿದ.

ಬುಧವಾರ ಸಂಜೆ ಹಾಲಿನ ಡೈರಿಯ ಜಗಲಿಯಲ್ಲಿ ಸಂಘ ಸೇರಿತ್ತು. ಅಲ್ಲಿ ನಡೆದದ್ದನ್ನು ಅವನೇ ಬಂದು ಹೇಳಿದ. ಒಬ್ಬರು ಎದ್ದು ಹೋದರು. ಒಬ್ಬರು ಬಾಯಿಗೆ ಬಂದ ಹಾಗೆ ಬೈದರು. ಇವನು ಹ್ಯಾಕರನ ಕಥೆ ಹೇಳುತ್ತಿದ್ದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬರು ತಮ್ಮ ಫೋನ್ ತೆಗೆದು ಪಕ್ಕದವರಿಗೆ ತೋರಿಸಿದರು. ಅವರಿಗೂ ಅಂಥದೇ ಮೆಸೇಜ್ ಬಂದಿತ್ತು. ದುಡ್ಡು ವಾಪಸ್ ತೆಗೆಸಲು 8,000 ಫೀಸು. ಮಾರನೇ ದಿನ ಹಾಲಿನ ಬಟವಾಡೆ ಆದ ತಕ್ಷಣ ಕಳಿಸುವುದು ಎಂದು ಇಟ್ಟುಕೊಂಡಿದ್ದರು. ಕಳಿಸಲಿಲ್ಲ.

ಐದು ಜನ ದೂರು ಕೊಟ್ಟಿದ್ದಾರೆ. ಎದ್ದು ಹೋದವರು ಇನ್ನೂ ಅವರ ಮನೆಯ ಮುಂದೆ ಇವನು ಹಾದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಅವರ ಪಾಲಿನ ಕಮಿಷನ್ ದುಡ್ಡನ್ನು ಒಂದು ಕವರಿನಲ್ಲಿ ಹಾಕಿ, ಹೆಸರು ಬರೆದು ಅಮ್ಮನ ಕೈಗೆ ಕೊಟ್ಟಿಟ್ಟಿದ್ದಾನೆ.

ಐದನೇ ಸಲ ಬಂದಾಗ ನಿದ್ದೆ ಬರುತ್ತಿದೆ ಎಂದ. ಅದೇ ನೋಟ್‌ಬುಕ್ ತಂದಿದ್ದ. ಹಳೆಯ ಹಾಳೆಗಳು ಹಾಗೇ ಇವೆ, ಪೊಲೀಸರಿಗೆ ಬೇಕು. ಹಿಂದಿನಿಂದ ತಿರುಗಿಸಿ ಹೊಸ ಕಾಲಂ ಹಾಕಿದ್ದಾನೆ. ಸಂಬಳ, ಅಪ್ಪನಿಗೆ ಕೊಟ್ಟಿದ್ದು, ಗಿರವಿ ಬಡ್ಡಿ. ಸರ ಇನ್ನೂ ಬಿಡಿಸಿಲ್ಲ.